ಎರಡು ಇಂಚಿನ ಗುಟ್ಟು

ಗುರುವಾರ, ಮಧ್ಯಾಹ್ನ
ಬಟ್ಟೆ ಕತ್ತರಿಸುವ ಮೇಜಿನಿಂದ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ನನ್ನ ಅರ್ಧ ಅಂಗಡಿಗೆ,

ಇಲ್ಲಿ ಕ್ಷೇಮ. ನೀನೂ ಗಟ್ಟಿಯಾಗೇ ಇರಬೇಕು. ಸೋಮವಾರದಿಂದ ಎದುರಿನ ಟೈಲರ್ ಅಂಗಡಿಗೆ ಹೋಗುತ್ತೀಯೆಂದು ಗುಂಡಿ ಮಾರುವವನ ಕೈಲಿ ಹೇಳಿ ಕಳಿಸುವಷ್ಟು ಶಕ್ತಿ ಇದೆಯಲ್ಲ. ಒಂಬತ್ತು ವರ್ಷ ಜೊತೆಗಿದ್ದವಳು ನನಗೇ ಹೇಳಬಾರದಿತ್ತೇ ಎಂದು ಕೇಳುವ ಮುಖ ನನಗಿಲ್ಲ. ಯಾಕಿಲ್ಲ ಅನ್ನುವುದಕ್ಕೇ ಈ ಕಾಗದ.

ನೀನು ಹೋದ ಮೇಲೆ ಅಂಗಡಿ ಬಲು ಶಾಂತ. ನಿನ್ನ ಹರಟೆಯೂ ಇಲ್ಲ, ಗಿರಾಕಿಯ ಭರಾಟೆಯೂ ಇಲ್ಲ. ಮೊನ್ನೆ ಡಾಕ್ಟರಮ್ಮ ಪ್ಯಾಂಟಿಗೆ ಬಟ್ಟೆ ತಂದರು. ನಾನೇ ಅಳೆದು, ಸೊಂಟ ನಲವತ್ತೆರಡು ಅಂತ ಇದ್ದದ್ದನ್ನು ಇದ್ದ ಹಾಗೇ ಕೂಗಿದೆ. ಅವರು ಬಟ್ಟೆ ಸುತ್ತಿಕೊಂಡು, ನೀನು ಬಂದ ಮೇಲೆ ಬರುತ್ತೇನೆಂದು ಹೊರಟರು. ನೀನಾಗಿದ್ದರೆ ಮೊದಲು ಅವರ ಮಗಳ ಪರೀಕ್ಷೆ, ಆಮೇಲೆ ಮಂಡಿನೋವು, ನಡುವೆ ಎಲ್ಲೋ ಅಳತೆ.

ಈಗ ಬ್ಯಾಂಕಿನ ಮೇಡಂ ಕೋಟಿನ ವಿಷಯ. ನೀನು ಟೇಪನ್ನು ಬಿಗಿಯಾಗಿ ಎಳೆಯುತ್ತೀ ಕಣೇ. ಯಾರ ಸೊಂಟವಾದರೂ ಎರಡು ಇಂಚು ಕಮ್ಮಿ ಬರುತ್ತದೆ, ಅವರು ಹಿಗ್ಗುತ್ತಾರೆ. ಮೊದಲ ವರ್ಷವೇ ನನಗದು ತಿಳಿಯಿತು. ಅಂದಿನಿಂದ ನೀನು ಬರೆದದ್ದಕ್ಕೆಲ್ಲ ಎರಡು ಇಂಚು ಸೇರಿಸಿಯೇ ಕತ್ತರಿಸುತ್ತ ಬಂದೆ. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ತಿದ್ದಿಕೊಳ್ಳುತ್ತಿದ್ದೆ, ಆಗ ನನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯುತ್ತಿತ್ತು?

ಹೋದ ತಿಂಗಳು ನಾಲಿಗೆ ತುರಿಸಿ, ಟೇಪು ಹಿಡಿ ಅಂದರೆ ಹಗ್ಗದ ಹಾಗೆ ಬಿಗಿಯುತ್ತೀಯಲ್ಲ ಎಂದು ಅಣಕಿಸಿದೆ. ಪಾಪ, ನೀನದನ್ನು ಮನಸ್ಸಿಗೆ ಹಚ್ಚಿಕೊಂಡು ಮೇಡಂಗೆ ಸಡಿಲ ಬಿಟ್ಟು, ಸರಿಯಾಗಿ ಅಳೆದೆ. ನಾನು ಅಭ್ಯಾಸಬಲದಿಂದ ಎರಡು ಇಂಚು ಸೇರಿಸಿದೆ. ಕೋಟು ತೊಟ್ಟ ಮೇಡಂ ಕನ್ನಡಿ ಮುಂದೆ ತಿರುಗಿದರು, ಕೋಟು ತಿರುಗಲಿಲ್ಲ.

ಇದು ಯಾರ ಕೆಲಸ ಅಂತ ಅವರು ಕೇಳಿದಾಗ ನನ್ನ ಬಾಯಿಂದ ಬಂದದ್ದು, "ಇವಳಿಗೆ ಅಳೆಯೋಕೆ ಬರಲ್ಲ, ಮೇಡಂ."

ಗೊತ್ತಿದ್ದೇ ಹೇಳಿದೆ. ನೀನು ಟೇಪು ಮೇಜಿನ ಮೇಲಿಟ್ಟು, "ಹಾಗಾದ್ರೆ ಬರೋರನ್ನ ಇಟ್ಕೋ" ಎಂದು ಮೆಟ್ಟಿಲಿಳಿದೆ.

ನಿನ್ನೆ ಮೇಡಂ ಮನೆಗೇ ಹೋಗಿ ನಿಜ ಒಪ್ಪಿಕೊಂಡೆ. ಕೋಟು ಬೇಕಾದರೆ ಸರಿಮಾಡಿ, ಆದರೆ ಅಳತೆ ಮಾತ್ರ ನೀನೇ ತೆಗೆಯಬೇಕು ಅಂದರು.

ಹಾಗಂತ ನೀನೇನು ಅಪರಂಜಿಯಲ್ಲ. ಸೀಮೆಸುಣ್ಣ ಎಲ್ಲಿಟ್ಟೆಯೆಂದು ಹುಡುಕುವುದರಲ್ಲೇ ನನ್ನ ಅರ್ಧ ತಲೆ ನೆರೆತಿದೆ. ಇಸ್ತ್ರಿಪೆಟ್ಟಿಗೆ ಆರಿಸುವುದಿಲ್ಲ, ಹಾಡು ನಿಲ್ಲಿಸುವುದಿಲ್ಲ. ಆದರೆ ಒಬ್ಬಳೇ ಕೂತರೆ ಬೈಯುವುದಾದರೂ ಯಾರನ್ನು? ಹೊಲಿಗೆ ಯಂತ್ರ ಮಾತಿಗೆ ಮಾತು ಕೊಡುವುದಿಲ್ಲ.

ಅಳತೆ ನಿನ್ನದು, ಅಲಗು ನನ್ನದು. ಹೆಸರು ಇಬ್ಬರದು, ಹುಸಿ ಮಾತ್ರ ನನ್ನದು. ಪ್ರಾಸ ಸೇರಿತು, ನೀನು ಸೇರುವುದು ಬಾಕಿ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಿರುತ್ತೇನೆ. ರಸ್ತೆಯ ಯಾವ ಬದಿಗೆ ಬರುತ್ತೀಯೋ ನಿನ್ನಿಷ್ಟ.

ತಪ್ಪೊಪ್ಪಿಕೊಂಡ,
ನಿನ್ನ ಕತ್ತರಿ

ತಾ.ಕ.: ಇನ್ನೊಂದು ಮುಚ್ಚಿಟ್ಟಿದ್ದೆ. ಮಂಗಳವಾರ ನಾನೂ ಎದುರಂಗಡಿಗೆ ಕೆಲಸ ಕೇಳಲು ಹೋಗಿದ್ದೆ. ನೀನಿರುವ ಕಡೆ ನನಗೂ ಒಂದು ಮೂಲೆ ಕೊಡಿ ಅಂದೆ. ಮಾಲೀಕರು ಹಣೆ ಚಚ್ಚಿಕೊಂಡರು. "ನಮ್ಮ ಕತ್ತರೀನೂ ಇಟ್ಕೊಂಡ್ರೆ ಮಾತ್ರ ಬರ್ತೀನಿ" ಅಂತ ನೀನು ಹಟ ಹಿಡಿದೆಯಂತೆ, ಇಬ್ಬರಿಗೆ ಜಾಗವಿಲ್ಲವೆಂದು ಅವರು ನೀನು ಕೇಳಿದ ದಿನವೇ ನಿನ್ನನ್ನು ವಾಪಸು ಕಳಿಸಿದರಂತೆ. ಹಾಗಾದರೆ ಸೋಮವಾರ ನೀನು ಹೋಗುವುದಾದರೂ ಎಲ್ಲಿಗೆ, ಮಾರಾಯ್ತಿ?