ಸುಣ್ಣ ಹೊಡೆದ ಗೋಡೆ

ಸವಳಂಗ ರಸ್ತೆ, ಶಿವಮೊಗ್ಗ
ಆಗಸ್ಟ್ 8, ಗುರುವಾರ

ಮಗಳೇ ಶಾಂಭವಿ,

ನಿನ್ನ ಸೊಂಟದ ನೋವು ಹೇಗಿದೆ? ಮಗು ನಿದ್ದೆ ಮಾಡಲು ಬಿಡುತ್ತದೆಯೇ? ಹುಬ್ಬಳ್ಳಿಯಲ್ಲೂ ಮಳೆ ಹಿಡಿದಿದೆಯಂತೆ. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ, ತಣ್ಣೀರು ಮುಟ್ಟಬೇಡ. ಇದನ್ನೆಲ್ಲ ಹೇಳಬೇಕಾದವಳು ನಿನ್ನ ಅಮ್ಮ. ಅವಳು ಹೋಗಿ ಎರಡು ವರ್ಷವಾಯಿತು, ಹಾಗಾಗಿ ನೆನಪಿದ್ದಷ್ಟನ್ನು ನಾನೇ ಹೇಳುತ್ತಿದ್ದೇನೆ. ನನ್ನ ಮೈ ಪರವಾಗಿಲ್ಲ. ಬೆನ್ನು ಮಾತ್ರ ಬಗ್ಗಿದರೆ ಏಳುವುದಿಲ್ಲ, ಕಾಲ್ಬೆರಳ ಸಂದಿಯೆಲ್ಲ ಕೆಸರಿಗೆ ಬೆಂದುಹೋಗಿದೆ.

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಬೇಡ. ನನ್ನ ಮೊಬೈಲು ಕೆಸರುನೀರಿಗೆ ಬಿದ್ದು ಹಾಳಾಯಿತು, ಅಂಗಡಿಯವನು ಇನ್ನು ಇದರ ಆಸೆ ಬಿಡಿ ಎಂದ. ನಮ್ಮ ಬೀದಿಯ ನವೀನ್ ಗೊತ್ತಲ್ಲ, ಮಾಚೇನಹಳ್ಳಿ ಫ್ಯಾಕ್ಟರಿಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು, ಅವನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದೊಡನೆ ನೀನು ಇಟ್ಟುಬಿಟ್ಟೆ. ಎರಡು ಸಲ. ಅಳಿಯಂದಿರಿಗೆ ಮಾಡಿದೆ. 'ಅಕೀನ ಮಾತಾಡ್ಲಿ ಮಾವಾರ, ನಾ ನಡುವ ಬರಂಗಿಲ್ಲ' ಎಂದರು. ತಪ್ಪು ಅವರದಲ್ಲ, ನಿನ್ನದೂ ಅಲ್ಲ. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ತವರಿನಿಂದ ಒಬ್ಬರೂ ಬರಲಿಲ್ಲವೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಮೊಮ್ಮಗಳಿಗೆ ಏನು ಹೆಸರಿಟ್ಟಿರಿ ಎಂಬುದೂ ನನಗೆ ಗೊತ್ತಿಲ್ಲ.

ಭದ್ರಾವತಿಯಲ್ಲಿ ಹೊಳೆದಂಡೆಯ ಕೇರಿಗೆ ನೀರು ನುಗ್ಗಿ ಇಳಿದ ಮೇಲೆ, ನವೀನ್ ಹತ್ತು ಹುಡುಗರನ್ನು ಕಟ್ಟಿಕೊಂಡು ಮನೆಗಳನ್ನು ಚೊಕ್ಕ ಮಾಡಲು ಹೊರಟ. ನಾನೂ ಸಲಿಕೆ ಹಿಡಿದು ಬಸ್ಸು ಹತ್ತಿದೆ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಮನುಷ್ಯ ಊರ ಕೆಸರು ಎತ್ತಲು ಹೋದ ಅನ್ನುತ್ತೀಯ, ಅನ್ನು. ಆ ಕೆಸರು ಎಷ್ಟು ಎಳೆದರೂ ಮುಗಿಯುವುದಿಲ್ಲ ಶಾಂಭವಿ. ಬಾಣಲಿ ತುಂಬು, ಹೊರಗೆ ಸುರಿ, ಮತ್ತೆ ತುಂಬು. ಸೋಪು ಹಾಕಿ ತೊಳೆದ ಕೈಯಲ್ಲಿ ಅನ್ನ ಕಲಸಿದರೂ ಅದೇ ವಾಸನೆ. ಮೂರನೆಯ ದಿನಕ್ಕೆ ಹುಡುಗರು ಮಾತಾಡುವುದನ್ನೇ ಬಿಟ್ಟರು. ಮೊದಲ ದಿನ ಅವರು ಮೊಬೈಲು ಎತ್ತಿದ್ದಕ್ಕೆ ನಾನು ಸರಿಯಾಗಿ ಬೈದಿದ್ದೆ, 'ಇನ್ನೊಬ್ರ ಮನೆ ಗೋಳು ಸ್ಟೇಟಸ್‌ಗೆ ಹಾಕೋಕೆ ಬಂದಿದೀರೇನ್ರೋ' ಅಂತ. ಆಮೇಲೆ ಒಬ್ಬನೂ ಫೋಟೋ ತೆಗೆಯಲಿಲ್ಲ.

ಕೇರಿಯ ಕೊನೆಯ ಮನೆ ಸಣ್ಣಮ್ಮನದು. ಒಂಟಿ ಹೆಂಗಸು, ದೋಸೆ ಹಿಟ್ಟು ರುಬ್ಬಿ ಮಾರಿ ಜೀವನ ಮಾಡುವವಳು. ಎದೆಮಟ್ಟ ನೀರು ನಿಂತು ಗ್ರೈಂಡರು, ಅಕ್ಕಿ, ಹಾಸಿಗೆ ಎಲ್ಲ ಹೋಗಿತ್ತು. ಅವಳು ಮೆಲ್ಲಗೆ ಅಂದಳು, 'ಸರ್ವೆಯೋರು ಬಂದು ನೋಡೋ ತನಕ ಹಂಗೇ ಇರ್ಲಿ ಅಣ್ಣ.' ನಾನು ಕೇಳಬೇಕಲ್ಲ. ಮೂವತ್ತು ವರ್ಷ ಮೇಸ್ತ್ರಿಯಾಗಿ ಕೂಗಾಡಿದ ಬಾಯಿ ಇದು. 'ಅಲ್ಲೀತನಕ ಕೆಸರಲ್ಲೇ ಮಲಗ್ತೀಯೇನಮ್ಮ' ಎಂದು ಗದರಿದೆ. ಹಾಳಾದದ್ದನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿಸಿ ಕಳಿಸಿದೆ. ನೆಲ ತಿಕ್ಕಿಸಿದೆ. ಅಷ್ಟು ಸಾಲದೆಂದು ಸುಣ್ಣ ತಂದು ನಾಲ್ಕೂ ಗೋಡೆಗೆ ನನ್ನ ಕೈಯಾರೆ ಎರಡು ಸಲ ಹೊಡೆದೆ. ಇಡೀ ಕೇರಿಯಲ್ಲಿ ಅದೊಂದೇ ಮನೆ ಬೆಳ್ಳಗೆ ಕಾಣುತ್ತಿತ್ತು, ನನಗೆ ಅದೊಂದು ಹೆಮ್ಮೆ ಬೇರೆ.

ನಾಲ್ಕು ದಿನ ಬಿಟ್ಟು ಪರಿಹಾರದ ಸರ್ವೆಯವರು ಬಂದರು. ಉಳಿದ ಮನೆಗಳಲ್ಲಿ ಗೋಡೆಯ ಮೇಲೆ ನೀರು ನಿಂತ ಗೆರೆ ಅಳೆದು ಬರೆದುಕೊಂಡರು. ಸಣ್ಣಮ್ಮನ ಮನೆಯೊಳಗೆ ಬಂದ ಹುಡುಗಿ ಸುತ್ತ ನೋಡಿ, 'ಇಲ್ಲೇನೂ ಆಗೇ ಇಲ್ವಲ್ಲಮ್ಮ' ಎಂದಳು. ನಾನು ಹೇಳಿದೆ, ಅಕ್ಕಪಕ್ಕದವರೂ ಹೇಳಿದರು. ಪಾಪ, ಹುಡುಗಿ ಒಳ್ಳೆಯವಳೇ. 'ಬಾಯಿಮಾತು ನಡೆಯಲ್ಲ ಸರ್. ಒಳಗೆ ನೀರು ನಿಂತಿದ್ದಕ್ಕೆ ಒಂದು ಫೋಟೋ ತನ್ನಿ. ಮುಂದಿನ ಬುಧವಾರದೊಳಗೆ ಬಂದ್ರೆ ಪಟ್ಟಿಗೆ ಸೇರಿಸ್ತೀನಿ' ಎಂದಳು. ಹತ್ತೂ ಹುಡುಗರ ಮೊಬೈಲು ಹುಡುಕಿದೆವು. ನನ್ನ ಬೈಗುಳ ಅಷ್ಟು ಚೆನ್ನಾಗಿ ನಾಟಿತ್ತು, ಒಂದೂ ಸಿಗಲಿಲ್ಲ. ಪರಿಹಾರ ಬಂದರೆ ಗ್ರೈಂಡರು ಕೊಂಡು ಮತ್ತೆ ಹಿಟ್ಟು ರುಬ್ಬುತ್ತೇನೆ ಅಂದಿದ್ದವಳು ಈಗ ಎರಡು ಮನೆಯ ಪಾತ್ರೆ ತಿಕ್ಕಲು ಹೋಗುತ್ತಿದ್ದಾಳೆ. ನಾನೇ ಕೊಡಿಸುತ್ತೇನೆ ಎಂದರೆ ಒಪ್ಪಲಿಲ್ಲ. 'ಕೇರಿಗೆಲ್ಲ ಬರೋದು ನಂಗ್ಯಾಕೆ ಬರಬಾರದಣ್ಣ' ಎಂದಳು. ನನಗೆ ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ನಿನಗೂ ಒಂದು ನಿಜ ಹೇಳಬೇಕು. ತೊಟ್ಟಿಲ ದಿನ ನನ್ನನ್ನು ಕೆಸರು ಹಿಡಿದುಕೊಂಡಿರಲಿಲ್ಲ. 'ಹೋಗ್ಬನ್ನಿ ಸರ್, ನಾವಿದೀವಲ್ಲ' ಎಂದು ನವೀನ್ ನಾಲ್ಕು ಸಲ ಹೇಳಿದ. ತೊಟ್ಟಿಲು ತಂದು ನಡುಮನೆಯಲ್ಲೇ ಇಟ್ಟಿದ್ದೆ, ಇನ್ನೂ ಅಲ್ಲೇ ಇದೆ. ನಿನ್ನಮ್ಮ ಇಲ್ಲದೆ ಒಬ್ಬನೇ ಅದನ್ನು ಹೊತ್ತು ಬೀಗರ ಬಾಗಿಲಲ್ಲಿ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ಹೊಳೆ ಬಂದದ್ದು ಒಂದು ನೆಪವಾಯಿತು. ನೆಪಕ್ಕೆ ಸಾಕ್ಷಿಯಿರಲಿ ಎಂದು ಸಲಿಕೆ ಹಿಡಿದು ನಿಂತ ಫೋಟೋ ಬೇರೆ ನಿನಗೆ ಕಳಿಸಿದೆ. 'ಅಲ್ಲೇ ಇರಿ ಅಪ್ಪ' ಎಂದು ಬರೆದೆ ನೀನು. ಇಲ್ಲೇ ಇದ್ದೇನೆ. ಸಾಕಾಗಿದೆ ಮಗಳೇ.

ಅಳಿಯಂದಿರಿಗೂ ಬೀಗರಿಗೂ ನನ್ನ ಶರಣು ತಿಳಿಸು. ಹೆಸರು ಗೊತ್ತಿಲ್ಲದ ನನ್ನ ಮೊಮ್ಮಗಳು ನೂರು ವರ್ಷ ಬಾಳಲಿ, ನೀನು ಬೇಗ ಚೇತರಿಸಿಕೋ.

ನಿನ್ನ ಅಪ್ಪ,
ಗಂಗಾಧರಪ್ಪ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಮುಖವಿರಲಿಲ್ಲ: ಆ ಫೋಟೋ ತೆಗೆದವಳು ಸಣ್ಣಮ್ಮ, ಅವಳ ಮನೆಯೊಳಗೇ, ಸುಣ್ಣ ಹೊಡೆಯುವ ಮುಂಚೆ. ಹುಡುಗರ ಕಣ್ಣು ತಪ್ಪಿಸಿ ಅವಳ ಕೈಗೆ ಮೊಬೈಲು ಕೊಟ್ಟಿದ್ದೆ. ನನ್ನ ಬೆನ್ನ ಹಿಂದೆ ಗೋಡೆಯ ಮೇಲೆ ಕೆಸರಿನ ಗೆರೆಯಿದೆ, ಮೂಲೆಯಲ್ಲಿ ಗ್ರೈಂಡರು ಮಗುಚಿ ಬಿದ್ದಿದೆ. ಅದೀಗ ಇದ್ದರೆ ನಿನ್ನ ಮೊಬೈಲಿನಲ್ಲಿ ಮಾತ್ರ. ಬುಧವಾರದೊಳಗೆ ನವೀನನಿಗೆ ಕಳಿಸು, ನಂಬರು ಕಾಗದದ ಹಿಂಬದಿ ಬರೆದಿದ್ದೇನೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ, ನನಗೆ ಫೋನ್ ಮಾಡಬೇಕೆಂದೇನೂ ಇಲ್ಲ. ಸಣ್ಣಮ್ಮ ಮಾತ್ರ ದಿನಾ ಹೇಳುತ್ತಾಳೆ, 'ಇಟ್ಕೊಂಡಿರ್ತಾಳೆ ಬಿಡಿ ಅಣ್ಣ, ಅಪ್ಪನ ಫೋಟೋ ಯಾವ ಮಗಳು ಅಳಿಸ್ತಾಳೆ' ಅಂತ. ನನಗೆ ಅಷ್ಟು ಧೈರ್ಯವಿಲ್ಲ.