ಸುಣ್ಣ ಇದ್ದದ್ದು ನೀರಿನಲ್ಲಿ

ನನ್ನನ್ನು ಹೆತ್ತ ಉಮ್ಮಾ,

ಬೆಳ್ತಂಗಡಿಯ ಆ ಹಾಸ್ಟೆಲಿನ ಅಂಗಳ ನೆನಪಿದೆಯಾ? ನೀನು ಹೊಂಗೆ ಎಣ್ಣೆಯಿಂದ ಮಾಡುತ್ತಿದ್ದ ಬಟ್ಟೆ ಸಾಬೂನನ್ನು ಅವರು ವರ್ಷಗಟ್ಟಲೆ ಕೊಂಡಿದ್ದರು. ಹಾಸ್ಟೆಲಿನ ಬಾವಿ ಬತ್ತಿ ಬೋರ್‌ವೆಲ್ ಕೊರೆಸಿದ ವರ್ಷ ವಾರ್ಡನ್ ಎಲ್ಲರೆದುರು ನಿನ್ನ ಚೀಲ ಸುರಿದರು. "ಪೇಟೆಯ ಪುಡಿಗೆ ನೊರೆ ಬರ್ತದೆ, ನಿಮ್ಮದಕ್ಕೆ ಯಾಕಿಲ್ಲ? ಬಕೆಟಿನಲ್ಲಿ ಬಿಳಿ ಗಸಿ ನೋಡಿ. ಸುಣ್ಣದ ಹುಡಿ ಬೆರೆಸಿದ್ದೀರಿ!"

"ಅಲ್ಲಾಹನಾಣೆ ಇಲ್ಲ ಮೇಡಂ" ಎಂದು ನೀನು ಹೇಳಿದ್ದು ಯಾರಿಗೂ ಬೇಕಾಗಿರಲಿಲ್ಲ. ಹೈಸ್ಕೂಲು ಹುಡುಗಿ ನಾನು, ತುಂಡುಗಳನ್ನು ಹೆಕ್ಕಿದೆ.

ಸಿದ್ಧಕಟ್ಟೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದ್ದೆ ನೀನು, "ನನ್ನ ಕೈ ತಪ್ಪಿತಾ ಮಗಳೇ?" ಆಮೇಲೆ ಸಾಬೂನಿನ ಬಾಣಲೆ ಒಲೆಗೆ ಏರಲಿಲ್ಲ. ಮರುವರ್ಷ ಜ್ವರ ಬಂತು, ನೀನು ಹೋದೆ. ನಿನ್ನನ್ನೇ ಅನುಮಾನಿಸಿಕೊಂಡು ಹೋದೆಯಲ್ಲ, ಅದೊಂದನ್ನು ನಾನು...

ಮೂಡುಬಿದಿರೆಯ ಕಾಲೇಜಿನ ಲ್ಯಾಬಿನಲ್ಲಿ ಒಂದು ದಿನ ಮೇಷ್ಟ್ರು ಎರಡು ಗಾಜಿನ ನಳಿಗೆಗಳಲ್ಲಿ ಎರಡು ಬಗೆಯ ನೀರು ತುಂಬಿ, ಒಂದೇ ಸಾಬೂನು ಹಾಕಿ ಕುಲುಕಿದರು. ಒಂದರಲ್ಲಿ ನೊರೆ ಉಕ್ಕಿತು. ಇನ್ನೊಂದರಲ್ಲಿ ಅದೇ ಬಿಳಿ ಗಸಿ! ಬೋರ್‌ವೆಲ್ಲಿನಂಥ ಗಡಸು ನೀರಿನಲ್ಲಿ ಕರಗಿರುವ ಸುಣ್ಣದ ಅಂಶ, ಕ್ಯಾಲ್ಸಿಯಂ, ಸಾಬೂನನ್ನು ಹಿಡಿದು ಕರಗದ ಗಸಿಯಾಗಿಸುತ್ತದಂತೆ. ನೊರೆಗೆ ಸಾಬೂನೇ ಉಳಿಯುವುದಿಲ್ಲವಂತೆ. ಪೇಟೆಯ ಪುಡಿ ಬೇರೆ ಜಾತಿಯದು, ಅದಕ್ಕೆ ಈ ಕಾಟವಿಲ್ಲ. ನಾನು ಎದ್ದು ನಿಂತುಬಿಟ್ಟೆ. ಸುಣ್ಣ ಇದ್ದದ್ದು ಅವರ ನೀರಿನಲ್ಲಿ, ಉಮ್ಮಾ!

ಆ ಶನಿವಾರವೇ ಹಾಸ್ಟೆಲಿಗೆ ಹೋದೆ. ನಮ್ಮ ಬಾವಿ ನೀರು ಒಂದು ಬಾಟಲಿ, ಅವರ ನಲ್ಲಿ ನೀರು ಒಂದು ಬಾಟಲಿ. ನೀನು ಮಾಡಿದ ಸಾಬೂನಿನ ಕೊನೆಯ ತುಂಡನ್ನು ಎರಡಕ್ಕೂ ಕೆರೆದು ಹಾಕಿ ಕುಲುಕಿದೆ. ನಮ್ಮದರಲ್ಲಿ ನೊರೆ, ಅವರದರಲ್ಲಿ ಗಸಿ. ವಾರ್ಡನ್ ನೋಡಿದರು. "ಆಯ್ತು ಮಾರಾಯ್ತಿ, ಈಗ ಯಾಕೆ ಹಳೇ ಮಾತು? ಅವರೇ ಇಲ್ಲವಲ್ಲ."

"ಅವರಿಲ್ಲ, ಅದಕ್ಕೇ ಬಂದದ್ದು. ಎಲ್ಲರೆದುರು ಹೇಳಿದ್ದನ್ನು ಎಲ್ಲರೆದುರೇ ಹಿಂದೆ ತೆಗೆದುಕೊಳ್ಳಿ."

ಊಟದ ಹಾಲ್‌ನಲ್ಲಿ ನಿಂತು, ನಿನ್ನ ಮೇಲೆ ಹೊರಿಸಿದ್ದು ತಪ್ಪು ಎಂದು ಸಣ್ಣ ದನಿಯಲ್ಲಿ ಒಪ್ಪಿದರು. "ಇನ್ನೊಮ್ಮೆ ಹೇಳಿ ಮೇಡಂ, ಹಿಂದಿನವರಿಗೆ ಕೇಳಲಿಲ್ಲ" ಎಂದೆ. ಸೊಕ್ಕು ಅಂತೀಯಾ? ಇರಲಿ.

ನಿನಗೆ ಗೊತ್ತಿಲ್ಲದ ಸುದ್ದಿ ಒಂದುಂಟು. ಈ ವರ್ಷ ನಾನೇ ಬಾಣಲೆ ಏರಿಸಿದ್ದೇನೆ. ಬೋರ್‌ವೆಲ್ ನೀರಿನವರಿಗೆ ಸುಣ್ಣದ ಅಂಶ ತಳಕ್ಕೆ ಕೂರಲು ಮೊದಲು ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಕದಡಿ ಎಂದು ಹೇಳಿಯೇ ಮಾರುತ್ತೇನೆ. ಪ್ರತಿ ತುಂಡಿನ ಮೇಲೂ 'ಐಸಮ್ಮ' ಎಂದು ನಿನ್ನ ಹೆಸರನ್ನು ಅಚ್ಚೊತ್ತಿದ್ದೇನೆ. ಬಂಟ್ವಾಳದ ತನ್ನ ಅಂಗಡಿಯಲ್ಲಿ ಇವನ್ನು ಮಾರಲು ಒಪ್ಪಿದ ನಿನ್ನ ತಮ್ಮ ಮುಖ ಸಿಂಡರಿಸಿದ. "ಹೆಂಗಸಿನ ಹೆಸರು ಯಾಕೆ? ಜನ ಉಜ್ಜಿ ಉಜ್ಜಿ ಅಳಿಸಿಬಿಡ್ತಾರೆ."

ಅಳಿಸಲಿ. ಮುಗಿದ ಮೇಲೆ ಇನ್ನೊಂದು ಬೇಕಾದರೆ, ಅವನ ಅಂಗಡಿಯೆದುರು ನಿಂತು ನಿನ್ನ ಹೆಸರು ಹೇಳಿಯೇ ಕೇಳಬೇಕು.

ನಿನ್ನ ಮಗಳು