ಭಂಡಾರದ ಮೇಲೆ ಹೊರಿಸಿದ ತಪ್ಪು

ನನ್ನ ಜೀವದ ಗೆಳತಿ ರೇಣು,

ನಾವು ಮಾತು ಬಿಟ್ಟು ಹನ್ನೊಂದು ತಿಂಗಳಾಯಿತು. ಆದರೂ ದಿನವೂ ನಿನ್ನ ಜೊತೆ ಜೇಜುರಿ ಗುಡ್ಡದ ಗುಡಿಯ ಮೆಟ್ಟಿಲು ಹತ್ತುತ್ತಿದ್ದೇನೆ, ಪುಣೆಯ ಈ ಲ್ಯಾಬ್‌ನಲ್ಲಿ ಕೂತುಕೊಂಡೇ.

ಅಂದು ನೀನು ಎಂಟು ಆಂಟೆನಾಗಳ ಚೌಕಟ್ಟನ್ನು ಬೆನ್ನಿಗೆ ಕಟ್ಟಿಕೊಂಡು, ಪ್ರತಿ ಮೆಟ್ಟಿಲಿಗೂ ಮೊಬೈಲ್ ಸಿಗ್ನಲ್ ಹೇಗೆ ಬಂದು ಮುಟ್ಟುತ್ತದೆಂದು ಅಳೆದು ತಂದೆ. ಆ ಅಳತೆಯನ್ನು ನಮ್ಮ ಯಂತ್ರಕ್ಕೆ ಕೊಟ್ಟರೆ ಜೇಜುರಿಯ ಸಿಗ್ನಲ್ಲೇ ಕೋಣೆಯೊಳಗೆ ಮೂಡುತ್ತದೆ. ಹೊಸ ನೆಟ್‌ವರ್ಕ್ ಪೆಟ್ಟಿಗೆ ಯಾವುದೇ ಬರಲಿ, ಗುಡ್ಡ ಹತ್ತದೆ ಪರೀಕ್ಷಿಸಬಹುದು. ನಿನ್ನ ಅಳತೆಯನ್ನು ಓಡಿಸಿದಾಗ, ನಡುವೆ ನೀನು ನಿಂತ ಎರಡು ನಿಮಿಷ ಸಿಗ್ನಲ್ ಹೆಚ್ಚು ಅಲುಗುವುದಿಲ್ಲ. ಬಾಗಲಕೋಟೆ ಕಡೆಯ ಅಜ್ಜಿಯೊಬ್ಬಳು ನಿನ್ನ ಬೆನ್ನ ಮೇಲಿರುವುದು ದೇವರೆಂದು ತಿಳಿದು, "ನಿಂದರವ್ವಾ, ಭಂಡಾರ ಹಾಕ್ತೀನಿ" ಅಂದಳಲ್ಲ, ಅದೇ ಜಾಗ. ನೀನು ಬಗ್ಗಿ ನಿಂತೆ. ಆಂಟೆನಾಗಳ ತುಂಬ ಭಂಡಾರದ ಅರಿಶಿನ ಪುಡಿ. ಬಸ್ಸು ಪುಣೆ ಮುಟ್ಟುವವರೆಗೂ ಇಬ್ಬರೂ ನಕ್ಕಿದ್ದೆವು.

ಲ್ಯಾಬ್‌ನ ಮೊದಲ ಪರೀಕ್ಷೆಯಲ್ಲಿ ನೆಟ್‌ವರ್ಕ್ ವೇಗ ಅರ್ಧಕ್ಕೆ ಇಳಿಯಿತು. ಭಂಡಾರ ಬಿದ್ದು ಆಂಟೆನಾ ಕೆಟ್ಟಿವೆ, ಅಳತೆಯೇ ತಪ್ಪು ಎಂದು ನಾನು ನಮ್ಮ ಮುಖ್ಯಸ್ಥರಾದ ಬಸವಲಿಂಗ ಸರ್ ಎದುರು ಹೇಳಿಬಿಟ್ಟೆ. "ಅಳತಿ ಎರಡು ಸಲ ನೋಡೇನಿ, ಸ್ನೇಹಲ್. ಒಮ್ಮೆ ನಿನ್ನ ಕೇಬಲ್ ನೋಡ್ಕೋ" ಅಂದೆ ನೀನು. "ದೇವರ ಪೂಜಿ ಮನ್ಯಾಗ ಮಾಡು, ಕೆಲಸದಾಗಲ್ಲ" ಅಂದೆ ನಾನು, ಎಲ್ಲರಿಗೂ ಕೇಳುವಂತೆ. ಆ ತಿಂಗಳು ನಿನ್ನ ಗುತ್ತಿಗೆ ಮುಗಿಯಿತು, ಯಾರೂ ಮುಂದುವರಿಸಲಿಲ್ಲ. ನೀನು ತಳೇಗಾಂವದ ಕಾರ್ಖಾನೆ ಸೇರಿದೆ.

ಈಗ ಸತ್ಯ ಹೇಳುತ್ತೇನೆ. ನೀನು ಹೋದ ನಾಲ್ಕನೇ ದಿನವೇ ನನಗೆ ಗೊತ್ತಾಗಿತ್ತು. ಲ್ಯಾಬ್‌ನ ಯಂತ್ರದಲ್ಲಿ ಮೂರನೆಯ ಮತ್ತು ನಾಲ್ಕನೆಯ ಆಂಟೆನಾದ ಕೇಬಲ್‌ಗಳನ್ನು ನಾನೇ ಅದಲುಬದಲು ಸಿಕ್ಕಿಸಿದ್ದೆ. ತೆಗೆದು ಸರಿಯಾಗಿ ಹಾಕಿದೆ. ನಿನ್ನ ಅದೇ ಅಳತೆಯಲ್ಲಿ ಪೂರ್ತಿ ವೇಗ ಬಂತು. ಸಾಫ್ಟ್‌ವೇರ್ ಸರಿಮಾಡಿದೆ ಎಂದು ಸುಳ್ಳು ಹೇಳಿ ಶಾಭಾಸ್‌ಗಿರಿ ತೆಗೆದುಕೊಂಡೆ. ನಾನು ಹೇಡಿ, ರೇಣು.

ಒಪ್ಪಿಕೊಂಡರೆ ನೀನು ನನ್ನ ಮುಖ ನೋಡುವುದಿಲ್ಲವೆಂದು ಹೆದರಿದೆ. ಸುಮ್ಮನಿದ್ದರೂ ಆದದ್ದು ಅದೇ. ತಳೇಗಾಂವ ಲೋಕಲ್ ರೈಲಿನಲ್ಲಿ ಒಂದು ತಾಸಿನ ದಾರಿ; ಎರಡು ಸಲ ಇಲ್ಲಿನ ಶಿವಾಜಿನಗರ ಸ್ಟೇಷನ್ನಿನವರೆಗೆ ಹೋಗಿ ಹಿಂತಿರುಗಿದೆ. ಊಟದ ಹೊತ್ತಿಗೆ ನಿನ್ನ ಕುರ್ಚಿಯ ಮೇಲೆ ನನ್ನ ಬ್ಯಾಗ್ ಇಡುತ್ತೇನೆ, ಬೇರೆ ಯಾರೂ ಕೂರದಿರಲೆಂದು. ನೀನಿಲ್ಲದೆ ನನಗೆ ಬಹಳ ಬೇಸರ.

ಇವತ್ತು ಸರ್‌ಗೆ ಎಲ್ಲ ಹೇಳಿದೆ, ಅವತ್ತು ಇದ್ದವರೆಲ್ಲರ ಎದುರೇ. "ಇಷ್ಟ ದಿನ ಯಾಕ ಸುಮ್ನಿದ್ದಿ?" ಎಂದು ಕೇಳಿದರು. ಹೆದರಿಕೆಯಿಂದ ಎಂದೆ. ನಾಳೆ ನಿನ್ನನ್ನು ವಾಪಸ್ ಕರೆಯಲು ಅವರು ಫೋನ್ ಮಾಡುತ್ತಾರೆ. ನಾನಿದ್ದೇನೆಂದು ಬೇಡ ಅನ್ನಬೇಡ. ಭೋರ್ ಕಡೆಯ ಗುಡ್ಡಗಳ ಅಳತೆಗೆ ಚೌಕಟ್ಟು ಹೊರುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಲ್ಯಾಬ್‌ನಲ್ಲಿ ಯಂತ್ರದ ಮುಂದೆ ನೀನಿರು. ನಾನು ತಂದ ಅಳತೆ ನಿನ್ನ ಕೈಗೆ ಬರುತ್ತದೆ. ತಪ್ಪಿದ್ದರೆ ಎಲ್ಲರೆದುರು ಹೇಳು. ಸರಿಯಿದ್ದರೆ ನನಗೊಬ್ಬಳಿಗೆ ಹೇಳಿದರೂ ಸಾಕು.

ನೀನು ಎಲ್ಲಿದ್ದರೂ ತಲೆಯೆತ್ತಿ, ನಗುತ್ತಾ ಬಾಳು.

ಇಂತಿ, ನಿನ್ನ ಒಂದು ಮಾತಿಗೆ ಕಾದಿರುವ
ಸ್ನೇಹಲ್